ಮಾತೃಪ್ರಧಾನ ಮನೆಯ ಇಬ್ಬರು

ಆಸ್ಪತ್ರೆಯ ತುರ್ತು ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಒಳಗೆ ಅವರ ತಾಯಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಎಚ್ಚರವಿಲ್ಲದೆ ಮಲಗಿದ್ದರು. ಆಪರೇಷನ್ ಮಾಡುವುದೋ ಬೇಡವೋ, ಮನೆಯವರೇ ಹೇಳಬೇಕೆಂದು ಡಾಕ್ಟರು ಆಗಷ್ಟೇ ತಿಳಿಸಿ ಹೋಗಿದ್ದರು.

“ಡಾಕ್ಟರು ನಮ್ಮನೆ ಬಗ್ಗೆ ಏನೋ ಅಂದ್ರಲ್ಲಕ್ಕ, ಏನದು?”

“ಮಾತೃಪ್ರಧಾನ ಕುಟುಂಬ ಅಂತ. ಮನೇಲಿ ತೀರ್ಮಾನ ಯಾರದು ಅಂತ ಕೇಳಿದ್ರು, ಅಮ್ಮಂದು ಅಂದೆ.”

“ಹಾಗಂದ್ರೆ?”

“ತಾಯಿ ಹೇಳಿದ್ದೇ ನಡೆಯೋ ಮನೆ.”

“ನಮ್ದು ಅದೇ ಬಿಡು. ನನಗೆ ಗಂಡನ್ನ ಬಿಟ್ಟು ಬಾ ಅಂದಿದ್ದು ಅವಳೇ.”

“ನನಗೆ ಬಿಡಬೇಡ ಅಂದಿದ್ದೂ ಅವಳೇ.”

ತಂಗಿ ಚೀಲದಿಂದ ಫೋನ್ ತೆಗೆದಳು.

“ಮಾಮನ್ನ ಕೇಳೋಣ್ವಾ? ಅಮ್ಮನ ತಮ್ಮ ತಾನೇ.”

“ಅವನು ಅಮ್ಮನ್ನ ಕೇಳದೆ ಹಲ್ಲೂ ಕೀಳಿಸ್ಕೊಂಡೋನಲ್ಲ. ಫೋನಲ್ಲಿ ಬರೀ ಅಳ್ತಾನೆ.”

“ಹಾಗಾದ್ರೆ ನೀನೇ ಹೇಳು. ದೊಡ್ಡೋಳು ನೀನು.”

“ಐವತ್ತಾಯ್ತು ಕಣೆ ನನಗೆ. ಕಿಟಕಿಗೆ ಪರದೆ ಹಾಕ್ಬೇಕಾದ್ರೂ ಅವಳನ್ನ ಕೇಳ್ತೀನಿ. ಆಪರೇಷನ್ ಮಾಡಿಸಿ ಏನಾದ್ರೂ ಆದ್ರೆ?”

“ಮಾಡಿಸ್ದೆ ಹೋದ್ರೆ?”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಏನು ತೀರ್ಮಾನ ಮಾಡಿದ್ರಿ? ಡಾಕ್ಟರು ಕಾಯ್ತಿದಾರೆ” ಎಂದಳು.

ಅಕ್ಕ ಎದ್ದು ನಿಂತಳು.

“ಒಂದು ನಿಮಿಷ ಸಿಸ್ಟರ್. ಅಮ್ಮನ್ನ ಒಂದು ಮಾತು ಕೇಳಿ ಹೇಳ್ತೀವಿ.”

ನರ್ಸ್ ಬಾಗಿಲು ಹಿಡಿದು ನಿಂತಳು. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದರು.