ಬೇಲಿಗೆ ಕರೆಂಟು ಕೊಡೋ ಮುಂಚೆ

...ನಿಂತ್ಕೊ ಅತ್ಗೆ, ತಳಿಗೆ ಹೋಗೋ ಬಸ್ಸು ಬರಕ್ಕೆ ಇನ್ನೂ ಅರ್ಧ ಗಂಟೆ ಐತೆ. ಕೋರ್ಟಲ್ಲಿ ಅಷ್ಟು ಜನದ ಮುಂದೆ ಹೇಳ್ದೋನು ನಿನ್ನ ಮುಂದೆ ಹೇಳ್ದಿದ್ರೆ ಹೆಂಗೆ? ಹೂಂ, ನಾನೇ. ಜಯರಾಮಯ್ಯನ ರಾಗಿ ಹೊಲದ ಬೇಲಿಗೆ ಲೈನಿಂದ ಕೊಕ್ಕೆ ಹಾಕಿ ಕರೆಂಟು ಕೊಟ್ಟೋನು ಈ ಚಲಪತೀನೇ. ಅವನು ಹೇಳ್ದ, ನಾನು ಮಾಡ್ದೆ. ಕಾಡಂದಿಗೆ ಅಂತ ಕೊಟ್ಟಿದ್ದು... ನಿನ್ನ ಗಂಡ ಸಿಕ್ಕೊಂಡ. ನಮ್ಮ ಲಕ್ಷ್ಮಣಣ್ಣ.

ಯಾಕಂಗೆ ನೋಡ್ತೀಯ? ಉಗೀಬೇಕಾ? ಉಗಿ. ನನಗೇ ನನ್ನ ಕಂಡ್ರೆ ಅಸಹ್ಯ.

ನಾನಾಗೇ ಬಾಯ್ಬಿಟ್ಟೆ ಅನ್ಕೋಬೇಡ ಮತ್ತೆ. ಜಯರಾಮಯ್ಯನ ಮೇಲೆ ಸಾಕ್ಷಿ ಹೇಳಕ್ಕೆ ಕರೆಸಿದ್ರು. ಸರ್ಕಾರಿ ವಕೀಲ, ಕೊಕ್ಕೆ ಹಾಕಿದ್ದು ಯಾರು ಅಂದ. ಹೇಳಿದ್ರೆ ನನ್ನ ಕುತ್ಗೆಗೇ ಬತ್ತೈತೆ, ಹೇಳಲ್ಲ ಸಾಮಿ ಅಂದೆ. ಜಡ್ಜಮ್ಮ ತಮಿಳಲ್ಲಿ 'ಸೊಲ್ಲಿತ್ತಾನ್ ಆಗಣುಂ' ಅಂದ್ಬುಟ್ರು. ಹೇಳ್ಲೇಬೇಕಂತೆ. ಬಲವಂತಕ್ಕೆ ಹೇಳಿದ ಮಾತಿಟ್ಕೊಂಡು ನನ್ಮೇಲೆ ಕೇಸು ನಡೆಸಂಗಿಲ್ವಂತೆ. ಸುಳ್ಳು ಹೇಳಿದ್ರೆ ಮಾತ್ರ ಬಿಡಲ್ವಂತೆ. ಥೂ... ಎಂಥಾ ಕಾನೂನು! ಜೀವ ತೆಗ್ದೋನು ಬಾಯ್ಬಿಟ್ಟ, ಅಂಗಿ ಕೊಡವ್ಕೊಂಡು ಆಚೆ ಬಂದ. ಆಚೆ ಜಯರಾಮಯ್ಯನ್ನ ಕಂಡ್ರಾಗದೋರು ನಾಕು ಜನ ನಿಂತಿದ್ರು. ಟೀ ಕೊಡ್ಸಿ, ಗಂಡ್ಸು ಕಣ್ಲಾ ನೀನು ಅಂತ ಬೆನ್ನು ತಟ್ಟಿದ್ರು. ಆ ಟೀ ಚರಂಡಿಗೆ ಉಗುಳ್ದೆ ಅತ್ಗೆ.

ಏನು?... ಹೂಂ, ಕೂಗಿದ ವಿಷ್ಯಾನೂ ಕೇಳಿದ್ರು. ನಮ್ಮ ಕಡೆ ಕಟ್ಟುಪಾಡು ನಿನಗೆ ಗೊತ್ತಿಲ್ವಾ? ಬಂಡೆ ಹತ್ತಿ ಸುತ್ತಿನ ಹೊಲದೋರಿಗೆಲ್ಲ ಕೇಳಂಗೆ ಮೂರು ಸಲ ಕೂಗ್ಬೇಕು. ಅತ್ಲಾಗಿಂದ 'ಓ' ಅಂದ್ಮೇಲೇ ಕೊಕ್ಕೆ. ಕೂಗ್ದೆ ಅಂದೆ. ಅಣ್ಣ 'ಓ' ಅಂದ ಅಂತಾನೂ ಅಂದೆ... ಅದಕ್ಕೇ ಜಯರಾಮಯ್ಯನ ವಕೀಲ ಎದ್ದು ನಿಂತು ನಕ್ಕ. 'ಓ' ಅಂದೋನು ಬೇಲಿ ತಾವ ಯಾಕೆ ಬಂದ, ರಾಗಿ ಕದಿಯಕ್ಕಾ ಅಂದ. ನೀನು ಆಚೆ ಬೆಂಚಲ್ಲಿದ್ದೆ, ಕೇಳ್ಸಿರಲ್ಲ.

ಕೈ ಬಿಡಿಸ್ಕೋಬೇಡ, ಒಂದು ಮಾತು. ನಾಳಿದ್ದು ನಿನ್ನ ಸಾಕ್ಷಿ. ಅವತ್ತು ಮೊಬ್ಬು ಕವಿಯೋ ಹೊತ್ತಿಗೆ ನೀನು ಮನೆ ಮುಂದೇನೇ ಹಸು ಕರೀತಿದ್ದೆ. ಚಲಪತಿ ಕೂಗಿದ್ದು ಕೇಳಿಸ್ತು ಅಂತ ಅಂದ್ಬುಡು. ಅಷ್ಟೇ. ಹೋದೋನು ಹೋದ, ಇರೋನಾದ್ರೂ...

ಏನಾದ್ರೂ ಅನ್ನು. ಬೈಯಿ.

ತಲೆನಾದ್ರೂ ಆಡ್ಸು ಅತ್ಗೆ.

...

ಹಂಗೆ ಸುಮ್ನೆ ನಿಲ್ಬೇಡ. ನಿನಗೆ ಹೆಂಗೆ ಕೇಳ್ಸುತ್ತೆ... ಕೂಗಿದ್ರೆ ತಾನೆ. ಫಾರೆಸ್ಟ್‌ನೋರ ಜೀಪು ರೋಡಲ್ಲೇ ನಿಂತಿತ್ತು. ಕೂಗಿದ್ರೆ ನನ್ನ ಹಿಡ್ಕೊಂಡು ಹೋಗೋರು. ಬಾಯ್ಮುಚ್ಕೊಂಡು ಕೊಕ್ಕೆ ಹಾಕ್ದೆ, ಬಂಡೆ ಹಿಂದೆ ಕುಂತೆ. ಆಮೇಲೆ ಅಣ್ಣ ಬಂದ. ಕಾಲ್ದಾರೀಲಿ, ಹೆಗಲ ಮೇಲೆ ಹುಲ್ಲಿನ ಹೊರೆ ಇಟ್ಕೊಂಡು, ಸೀದಾ ಬೇಲಿ ಕಡೆಗೆ.

ಕಂಡೆ ಅತ್ಗೆ. ಅವಾಗ್ಲೂ ಕೂಗ್ಲಿಲ್ಲ.