ಎಡಭುಜದ ಮೇಲೆ ಎರಡು ಬೆರಳು

ಅಹಮದಾಬಾದಿಗೆ ವರ್ಗವಾಗಿ ಬಂದ ಮೇಲೆ ಅಂಥ ಮಳೆಯನ್ನು ನಾನು ಕಂಡಿರಲಿಲ್ಲ. ತೊಂಬತ್ತೆಂಟರ ಜುಲೈ, ಭಾನುವಾರದ ಸಂಜೆ. ಕರೆಂಟು ಹೋಗಿ, ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ನಮ್ಮ ಮನೆಯ ಹಾಲ್‌ನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಸೇರಿದ್ದರು. ಹೆಸರುಬೇಳೆಯ ಬಿಸಿ ದಾಳವಡಾ ತಟ್ಟೆ ಬೇಗಬೇಗ ಖಾಲಿಯಾಗುತ್ತಿತ್ತು. ನನ್ನ ಮಗಳು ನಿಕಿತಾ, "ಭೀಮಸೇನ ಅಜ್ಜಾ, ಭೂತ್ ಕಾ ಸ್ಟೋರಿ ಹೇಳಿ ನಾ," ಎಂದು ದುಂಬಾಲು ಬಿದ್ದಳು. ಭೀಮಸೇನರಾಯರು ಧಾರವಾಡದವರು, ವಡೋದರಾದಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಗೋಡೆಗೆ ಬೆನ್ನು ಹಚ್ಚಿ ಕೂತಿದ್ದವರು ಮೊದಲು ಗದರಿದರು.

"ಭೂತ ಅನಬ್ಯಾಡ ಆಕಿಗೆ! ಶಾಂತಾಬಾಯಿ ಅನ್ನು...

"ತೊಂಬತ್ಮೂರನೇ ಇಸವಿ ಮಾತು. ವಡೋದರಾ ರೈಲ್ವೆ ಕಾಲನಿಯೊಳಗ ನಮ್ಮ ಬಾಜೂ ಮನಿಯವರು ದಾಮೋದರ ಮಾಸ್ತರ್ರು, ಹುಬ್ಬಳ್ಳಿ ಕಡೆ ಕ್ರಿಶ್ಚಿಯನ್ನರು. ಚರ್ಚಿನ್ಯಾಗ ಕನ್ನಡದವರ ಹಾಡಿನ ಮೇಳ ನಡಸಾವ್ರು. ಶಾಂತಾಬಾಯಿ ಅವರ ಹೆಂಡ್ತಿ. ಏಕಾದಶಿ ಮಾಡೋ ಬ್ರಾಹ್ಮಣ, ನಿನಗೇನು ಕೆಲಸಪಾ ಅಲ್ಲೆ, ಅಂತೀರೇನು? ಅವರಿಗೆ ದಪ್ಪ ದನಿ ಗಂಡಸ್ರು ಸಿಗವಲ್ರಾಗಿತ್ತು. ಪ್ಲಾಟ್‌ಫಾರ್ಮಿನ್ಯಾಗ ನಾ ಒದರೋದು ಕೇಳಿ ಹಿಡಕೊಂಡು ಹೋದ್ರು!

"ಆ ವರ್ಷ ಮಾಸ್ತರ್ರು ಕ್ರಿಸ್‌ಮಸ್ಸಿಗೆ ಹೊಸಾ ಹಾಡು ಕಟ್ಟಿದ್ರು, ಕನ್ನಡದಾಗ. ಗಂಡಸ್ರು ಹೆಣ್ಮಕ್ಳು ಕೂಡಿ ನಾಲ್ಕು ದನಿ, ಒಂದರಾಗ ಒಂದು ಹೆಣಕೊಂಡು... ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಬರೇ ಗಂಟಲು. ಕೊಟಗ್ಯಾಗ ಕೂಸು ಮಲಗೇದ, ತಾಯಿ ಎಚ್ಚರ ಇದ್ದಾಳ, ಅಷ್ಟ. ಆದ್ರ ಏನು ಹಾಡ್ರಿ ಅದು! ಮೈ ಝುಂ ಅಂತಿತ್ತು. ವಾದ್ಯ ಇಲ್ಲದ ಹಾಡಿಗೆ ಒಂದು ರೋಗ ಅದ, ಹಾಡ್ತ ಹಾಡ್ತ ಶ್ರುತಿ ಇಳೀತದ, ಹಾಡಾವ್ರಿಗೇ ಗೊತ್ತಾಗಂಗಿಲ್ಲ. ಮಾಸ್ತರ್ರ ಕಿಸೆದಾಗ, ಬಡದ್ರ ಒಂದ ಸ್ವರ ನುಡಿಯೋ, ಎರಡು ಹಲ್ಲಿನ ಉಕ್ಕಿನ ಕಡ್ಡಿ ಇರ್ತಿತ್ತು. ಹಾಡು ಮುಗಿದ ಕೂಡ್ಲೆ ಅದನ್ನ ಮೊಣಕಾಲಿಗೆ ಬಡದು, ಕಿವಿಗೆ ಹಿಡದು ಶ್ರುತಿ ನೋಡಾವ್ರು. ದಿನಾ ಇಳದಿರ್ತಿತ್ತು. ಯಾರಿಂದ? ನನ್ನಿಂದ್ರಿ! ಸುಳ್ಳ್ಯಾಕ ಹೇಳ್ಲಿ?

"ಶಾಂತಾಬಾಯಿ ನನ್ನ ಹಿಂದ ನಿಲ್ತಿದ್ಳು. ಆಕಿ ಕಿವಿ ಅಂದ್ರ... ಅಂಥಾ ಕಿವಿ ನಾ ಎಲ್ಲೂ ಕಂಡಿಲ್ಲ. ನಾ ಕೂದಲೆಳಿಯಷ್ಟು ಇಳದ್ರೂ ಎಡಭುಜದ ಮ್ಯಾಲೆ ಎರಡು ಬೆರಳು, ಟಕ್ ಟಕ್. 'ಏರಸ್ರಿ ಭೀಮಸೇನರಾವ್!' ಏರಸ್ತಿದ್ದೆ. ಆದ್ರೂ ಕಡೀಕ ಒಂದೆಳಿ ಕಮ್ಮಿನ. 'ಒಮ್ಮೆರೆ ಈ ಹಾಡು ಇಳೀದಂಗ ಮುಗೀಬೇಕು, ನಾ ಕೇಳಬೇಕು,' ಅಂತಿದ್ಳು.

"ನವೆಂಬರಿನ್ಯಾಗ ಜ್ವರ ಬಂತು. ಎಂಟು ದಿನದಾಗ ಹೋಗಿಬಿಟ್ಳು... ಮಾಸ್ತರ್ರು ಹಾಡೇ ಬ್ಯಾಡ ಅಂದ್ರು. ನನಗ ಸಿಟ್ಟು ಬಂತು. 'ಆಕಿ ಕೇಳಬೇಕು ಅಂದಿದ್ಳು, ಹಾಡೋದ!' ಅಂದೆ. ಆಕಿ ನಿಲ್ಲೋ ಜಾಗಾ ಖಾಲಿ ಬಿಟ್ವಿ.

"ಕ್ರಿಸ್‌ಮಸ್ ದಿನ, ಹಾಡಹಗಲ ಒಂಬತ್ತು ಗಂಟೆ. ಮೂರನೇ ನುಡಿ ಬಂತು... ನನ್ನ ದನಿ ಜಾರ್ಲಿಕತ್ತದ, ನನಗ ಗೊತ್ತಾಗ್ಲಿಕತ್ತದ, ಅಳು ಒತ್ತಿ ಬಂದು ಏರಸ್ಲಿಕ್ಕೆ ಆಗವಲ್ದು. ಆವಾಗ... ಎಡಭುಜದ ಮ್ಯಾಲೆ. ಟಕ್, ಟಕ್. ಥಣ್ಣಗ. ನಾ ಏರಿಸಿದೆ. ಹೊಳ್ಳಿ ನೋಡೋ ಧೈರ್ಯ ಯಾರಪ್ಪಂದು? ಹಾಡು ಮುಗೀತು. ಮಾಸ್ತರ್ರು ಕಡ್ಡಿ ಬಡದು ಕಿವಿಗೆ ಹಿಡದಾವ್ರು ಹಂಗ ನಿಂತ್ರು, ಕಣ್ಣಾಗಿಂದ ನೀರು ಸುರೀಲಿಕತ್ತು. ಕೂದಲೆಳಿಯಷ್ಟೂ ಇಳದಿದ್ದಿಲ್ರಿ!"

"ಆಮೇಲೆ ಅವರು ಹೋಗಿಬಿಟ್ರಾ?" ನಿಕಿತಾ ಕೇಳಿದಳು.

"ಅಂಥಾ ಹಾಡು ಒಮ್ಮೆ ಕೇಳಿದಾವ್ರು ಬಿಟ್ಟು ಹೋಗ್ತಾರೇನವಾ?"

ಹಾಗೆಂದು ರಾಯರು ಆ ಹಾಡನ್ನೇ ಮೆಲ್ಲಗೆ ಹಾಡತೊಡಗಿದರು. ಮಳೆಯ ಸದ್ದಿನಲ್ಲೂ ಅದು ಎಷ್ಟು ಚೆನ್ನಾಗಿತ್ತೆಂದರೆ ದಾಳವಡಾ ತಟ್ಟೆಯ ಕಡೆ ಯಾರ ಕೈಯೂ ಹೋಗಲಿಲ್ಲ. ಮೂರನೆಯ ನುಡಿಯಲ್ಲಿ ಅವರ ಮುದಿದನಿ ತುಸು ಜಾರಿತು. ಎಡಭುಜದ ಮೇಲೆ ಅಂಗಿಯ ಬಟ್ಟೆ ಯಾರೋ ಒತ್ತಿದಂತೆ ಎರಡು ಸಲ ತಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವರ ಬೆನ್ನ ಹಿಂದೆ ಇದ್ದದ್ದು ಗೋಡೆ ಮಾತ್ರ.

ದನಿ ಸರಿಯಾಗಿ ಮೇಲೇರಿತು.

"ಆತ್ರಿ ಶಾಂತಾಬಾಯಿ, ಏರಿಸ್ದೆ," ಎಂದರು ಅವರು, ನಮ್ಮ ಯಾರನ್ನೂ ನೋಡದೆ. "ಇನ್ನೊಂದ ನುಡಿ ಉಳದದ. ಮುಗಿಯೋತನಕ ಅಲ್ಲೇ ನಿಂದರ್ರಿ."