ಮುಂದಿನ ಕತ್ತರಿಯ ಕಂಬಳಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದಕೂಡಲೇ ಬಂಗಲೆ, ಕಾರು ಎಂದು ಎಲ್ಲೆಲ್ಲಿಗೋ ಹೋಗಬೇಡಿ. ಅವನ ಸಿರಿ ಎಂದರೆ ಅರವತ್ತು ಕರಿ ಕುರಿ, ಒಂದು ದೊಡ್ಡಿ, ಮನೆಯಲ್ಲಿ ರಾಟಿ ತಿರುಗಿಸುವ ಹೆಂಡತಿ. ಇಷ್ಟಿದ್ದವನು ಶ್ರೀಮಂತನಲ್ಲವೇ, ಹೇಳಿ. ಆದರೆ ನೋಡಿ, ಅವನು ದಿನಾ ಸಂಜೆ ಕುರಿಯನ್ನು ಎಣಿಸುತ್ತಿದ್ದ, ಹೆಂಡತಿಯನ್ನು ಎಣಿಸುತ್ತಿರಲಿಲ್ಲ.

ಕುರಿಗೆ ವರ್ಷಕ್ಕೆ ಎರಡು ಕತ್ತರಿ, ನಿಮಗೆ ಗೊತ್ತಿದ್ದದ್ದೇ. ಮಳೆಗಾಲ ಮುಗಿದ ಮೇಲೆ ಒಂದು, ಬೇಸಿಗೆಗೆ ಮುಂಚೆ ಒಂದು. ಕೆರೆಗೆ ಇಳಿಸಿ ಮೈ ತೊಳೆದು, ಬಿಸಿಲಿಗೆ ಆರಿಸಿ, ಕಾಲು ಕಟ್ಟಿ ಉಣ್ಣೆ ತೆಗೆಯಬೇಕು. ಆ ಕೆಲಸದಲ್ಲಿ ಇವನ ಕೈ ಬಹಳ ಮೆತ್ತಗೆ. ಚರ್ಮಕ್ಕೆ ಒಂದು ಗೀರು ಬೀಳಗೊಡುತ್ತಿರಲಿಲ್ಲ. ಉಣ್ಣೆ ತೆಗೆದ ಮೇಲೆ ಎಂಟು ದಿನ ಕುರಿಯನ್ನು ಗಾಳಿಗೆ ಬಿಡುತ್ತಿರಲಿಲ್ಲ, ಮುದಿ ಕುರಿಗಳ ಬೆನ್ನಿಗೆ ಗೋಣಿಚೀಲ ಕಟ್ಟಿಸುತ್ತಿದ್ದ. "ಮೈಮ್ಯಾಲಿಂದು ನಾವ ಕಸಗೊಂಡೇವಿ, ಚಳಿ ಆಗದಂಗ ನಾವ ನೋಡಬೇಕು" ಎನ್ನುತ್ತಿದ್ದ. ಒಳ್ಳೆಯವನೇ ಅವನು. ಕೆಟ್ಟವನ ಕಥೆ ಹೇಳಿದರೆ ಅದು ಪಕ್ಕದ ಮನೆಯವನದು ಅಂದುಕೊಂಡು ಆರಾಮಾಗಿ ಕೂರುತ್ತೀರಿ ನೀವು, ಅದಕ್ಕೇ ಒಳ್ಳೆಯವನದನ್ನು ಹೇಳುತ್ತಿದ್ದೇನೆ.

ಉಣ್ಣೆಯ ಮುಳ್ಳು, ಹುಲ್ಲುಕಡ್ಡಿ ಆರಿಸಿ, ಹಿಂಜಿ, ನೂಲುವವಳು ಹೆಂಡತಿ. ಮರಿಯ ಮೈಯಿಂದ ಮೊದಲ ಸಲ ತೆಗೆದ ಉಣ್ಣೆ ಬಹಳ ಮೃದು. ಅದನ್ನು ಬೇರೆಯಾಗಿ ನೂತು, ನೇಯುವವನಿಗೆ ಕೊಟ್ಟು, ಪ್ರತಿ ಕತ್ತರಿಗೆ ಒಂದೇ ಒಂದು ಹಗುರ ಕಂಬಳಿ ಮಾಡಿಸುವುದು ಆ ಮನೆಯ ಪದ್ಧತಿ. ಇಪ್ಪತ್ತು ವರ್ಷ ನೂತು ಆಕೆಯ ಬೆರಳ ಗೆಣ್ಣುಗಳು ಬಾತಿದ್ದವು. ಚಳಿಗೆ ಮಂಡಿ ಹಿಡಿಯುತ್ತಿತ್ತು. ಹೊದೆಯಲು ಇದ್ದದ್ದು ತವರಿನಿಂದ ತಂದ ಒಂದು ಹಳೆಯ ಕೌದಿ.

"ಈ ಸಲದ ಕಂಬಳಿ ನನಗ ಇರ್ಲಿರೀ" ಎಂದು ಒಮ್ಮೆ ಕೇಳಿದಳು.

"ಬೀಗರು ಬರಾಕತ್ತಾರ, ಅವ್ರಿಗೆ ಕೊಡೂಣು. ಮುಂದಿನ ಕತ್ತರಿದು ನಿಂದ" ಎಂದ ಗಂಡ.

ಮುಂದಿನ ಕತ್ತರಿ ಬಂತು. ಕಂಬಳಿ ಅವನ ಅಣ್ಣನ ಹೆಗಲೇರಿತು. ಅದರ ಮುಂದಿನದು ಮಠಕ್ಕೆ ಹೋಯಿತು. ನಗಬೇಡಿ, ನಮ್ಮಂಥ ಸ್ವಾಮಿಗಳಿಗೇ. ಹೊದ್ದುಕೊಂಡು ಆಶೀರ್ವಾದ ಮಾಡಿ ಕಳಿಸಿದೆವು. ಪ್ರತಿ ಸಲವೂ ಅವನದು ಅದೇ ಮಾತು, "ಮುಂದಿನ ಕತ್ತರಿದು ನಿಂದ." ಸುಳ್ಳು ಹೇಳುತ್ತಿರಲಿಲ್ಲ, ಕೊಡಬೇಕೆಂದೇ ಇದ್ದ. ನಾಲ್ಕೈದು ಸಲ ಆದ ಮೇಲೆ ಆಕೆ ಕೇಳುವುದನ್ನೇ ಬಿಟ್ಟಳು. ಅವಳಿಗೀಗ ಬೇಕಿಲ್ಲ ಎಂದುಕೊಂಡ ಪುಣ್ಯಾತ್ಮ.

ಆ ವರ್ಷ ಉಣ್ಣೆ ತೆಗೆದ ಮರುದಿನವೇ ಮೋಡ ಕವಿದು ಮೂಡಗಾಳಿ, ಜಿಟಿಜಿಟಿ ಮಳೆ ಹಿಡಿಯಿತು. ಸಂಜೆಗೆ ಕುರಿಗಳು ಬರಿಮೈಯಲ್ಲಿ ಗಡಗಡ ನಡುಗುತ್ತಿದ್ದವು. "ಒಂದಕ್ಕೂ ಚಳಿ ತಾಗಬಾರ್ದು ನೋಡು" ಎಂದು ಹೆಂಡತಿಗೆ ಹೇಳಿ ಅವನು ಪಡಸಾಲೆಯಲ್ಲಿ ಮಲಗಿದ. ಗೋಣಿಚೀಲ ಸಾಲಲಿಲ್ಲ, ಒಂದು ಮುದಿ ಕುರಿ ಉಳಿಯಿತು. ಬೆಳಗ್ಗೆ ಅವನು ದೊಡ್ಡಿಗೆ ಹೋದರೆ ಆ ಕುರಿಯ ಬೆನ್ನ ಮೇಲೆ ಹೆಂಡತಿಯ ಕೌದಿ ಇತ್ತು. "ಶ್ಯಾಣೆ ಅದಾಳ ನನ್ನ ಹೇಣ್ತಿ" ಎಂದು ಹಿಗ್ಗಿದ. ಹಾಗಾದರೆ ಆಕೆ ಏನು ಹೊದ್ದಳು? ಅದು ಅವನ ತಲೆಗೇ ಹೊಳೆಯಲಿಲ್ಲ. ಹಿಂದಿನ ಕತ್ತರಿಯ ಕಂಬಳಿ ಮಡಿಚಿದ ಹಾಗೇ ಪೆಟ್ಟಿಗೆಯಲ್ಲಿತ್ತು, ಯಾರಿಗೋ ಕೊಡಲೆಂದು.

ಮೂರನೆಯ ದಿನ ಆಕೆಗೆ ಎದೆ ಕಟ್ಟಿತು, ಜ್ವರ ಏರಿತು. ಆಗ ಓಡಿಹೋಗಿ ಪೆಟ್ಟಿಗೆ ತೆರೆದು ಆ ಕಂಬಳಿ ತಂದು ಹೊದಿಸಿದ. ಆಕೆ ಬಾತ ಬೆರಳುಗಳಿಂದ ಅದನ್ನು ದೂಡಿದಳು.

"ತಗೀರಿ. ಮೈಯೆಲ್ಲಾ ಸುಡಾಕತ್ತೈತಿ" ಎಂದಳು.

"ನಿಂದ ಐತಿ ಇದು, ಹೊದ್ಕೊ" ಎಂದು ಅವನು ಬೇಡಿಕೊಂಡ.

"ಈಗ ಬ್ಯಾಡ್ರಿ. ಯಾರಿಗರ ಕೊಡ್ರಿ" ಎಂದಳು. ಮರುದಿನ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದು ಅವನು ದೊಡ್ಡಿಗೆ ಹೋದ. ಮುದಿ ಕುರಿ ಕೌದಿ ಹೊದ್ದು ಮೆಲುಕು ಹಾಕುತ್ತಿತ್ತು. ಕೌದಿ ತೆಗೆದು ಮುಖಕ್ಕೆ ಒತ್ತಿಕೊಂಡ. ಅದರಲ್ಲಿ ಹೆಂಡತಿಯ ವಾಸನೆ ಉಳಿದಿರಲಿಲ್ಲ, ಬರೀ ಕುರಿಯ ವಾಸನೆ. ಅಲ್ಲೇ ಹಿಕ್ಕೆಯ ಮೇಲೆ ಕುಸಿದು ಕೂತು ಅತ್ತ. ಎಷ್ಟು ಅತ್ತರೇನು?

ಈಗ ನಿಮ್ಮನ್ನು ಕೇಳುತ್ತೇನೆ. ಉಣ್ಣೆ ತೆಗೆದರೆ ಕುರಿಗೆ ಚಳಿಯಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಆಕೆಯಿಂದ ತೆಗೆದುಕೊಂಡದ್ದು ಯಾಕೆ ಗೊತ್ತಾಗಲಿಲ್ಲ? ಆಕೆ ಬ್ಯಾ ಅನ್ನಲಿಲ್ಲ, ಅದಕ್ಕೇ? ನಿಮ್ಮ ಮನೆಯಲ್ಲೂ ಏನನ್ನೋ ಕೇಳಿ ಕೇಳಿ ಬಿಟ್ಟವರು ಒಬ್ಬರಿದ್ದಾರೆ. ಒಂದು ಜೊತೆ ಚಪ್ಪಲಿ ಕೇಳಿರಬಹುದು, ಕನ್ನಡಕ ಕೇಳಿರಬಹುದು, ಎರಡು ದಿನ ತವರಿಗೆ ಹೋಗಿಬರುತ್ತೇನೆ ಎಂದಿರಬಹುದು. ನೆನಪಿಲ್ಲ ಎಂದು ನನ್ನ ಮುಂದೆ ತಲೆ ಆಡಿಸಬೇಡಿ, ನೆನಪಿದೆ ನಿಮಗೆ. ಇವತ್ತು ಮನೆಗೆ ಹೋದವರೇ ಅವರ ಹತ್ತಿರ ಕೂತುಕೊಳ್ಳಿ. ಕೇಳಿದ್ದನ್ನು ಈ ವಾರವೇ ಕೊಡಿ. ಬೀಗರಿಗೆ ಆಮೇಲೆ, ಮಠಕ್ಕೆ ಅದಕ್ಕೂ ಆಮೇಲೆ. ಮುಂದಿನ ಕತ್ತರಿ ಅನ್ನುವ ಮಾತು ಇನ್ನು ನಿಮ್ಮ ಬಾಯಲ್ಲಿ ಬರಬಾರದು.

ಇನ್ನು ನನ್ನ ಪಾಲಿನದು. ನನ್ನ ಹೆಗಲ ಮೇಲಿನ ಈ ಕಂಬಳಿ ಹೋದ ವರ್ಷ ನಿಮ್ಮೂರವರೇ ಹೊದಿಸಿದ್ದು. ಕೊಟ್ಟ ಯಜಮಾನರ ಹೆಸರನ್ನು ಮೈಕಿನಲ್ಲಿ ಹೇಳಿದ್ದೆ, ನೂತವರ ಹೆಸರನ್ನು ಕೇಳಿರಲಿಲ್ಲ. ತಪ್ಪಾಯಿತು. ಯಜಮಾನರೇ, ನಿಮ್ಮ ಮನೆಯ ಆ ತಾಯಿ ಇಲ್ಲಿ ಬಂದಿದ್ದರೆ ಮುಂದೆ ಕರೆಯಿರಿ. ಇದನ್ನು ತೆಗೆದುಕೊಂಡು ಹೋಗಿ ಇವತ್ತೇ ಹೊದೆಯಲಿ. ಚಳಿಗಾಲ ಇನ್ನೂ ಮುಗಿದಿಲ್ಲ.